ಹತ್ತು ಬೋಲ್ಟುಗಳ ಉಡಿ

ಬೆಳಿಗ್ಗೆ ಆರೂಕಾಲು. ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಹಿಂಬದಿಯ ರೈಫಲ್ ಕ್ಲಬ್ಬಿನಲ್ಲಿ ಮೊದಲ ಸುತ್ತಿನ ಸದ್ದು ಈಗಷ್ಟೇ ನಿಂತಿದೆ. ಚಾಪೆಗಳ ಮೇಲೆ ಬೋರಲು ಮಲಗಿ ಗುರಿ ಹಿಡಿದಿದ್ದ ಹತ್ತು ಮಂದಿ ಎದ್ದು ಕೂರುತ್ತಾರೆ. ಸೊಂಟಕ್ಕೆ ಬಟ್ಟೆಯ ಚೀಲ ಬಿಗಿದುಕೊಂಡ ಶೇಖವ್ವ ಮೊದಲನೇ ಚಾಪೆಯ ಬಳಿ ನಿಂತು ಅಂಗೈ ಚಾಚುತ್ತಾರೆ.

"ಕೊಡ್ರಿ ಸರ್."

ಅವರು ಕೇಳುತ್ತಿರುವುದು ಬೋಲ್ಟು. ಹಿಡಿಕೆ ತಿರುಗಿಸಿ ಹಿಂದಕ್ಕೆಳೆದರೆ ರೈಫಲ್ಲಿನಿಂದ ಕಳಚಿ ಬರುವ, ಗೇಣಿಗಿಂತ ಚಿಕ್ಕ ಉಕ್ಕಿನ ತುಂಡು. ಅದಿಲ್ಲದಿದ್ದರೆ ಲಕ್ಷಾಂತರ ಬೆಲೆಯ ಜರ್ಮನ್ ರೈಫಲ್ಲೂ ಬರೀ ಕೊಳವೆ. ಇಲ್ಲಿರುವುದೆಲ್ಲ ಪಾಯಿಂಟ್ ಟೂಟೂ, ಸ್ಪರ್ಧೆಯವರು ಬಳಸುವ ಸಣ್ಣ ಗುಂಡಿನ ರೈಫಲ್ಲು. ಗುಂಡು ಸಣ್ಣದಾದರೂ ಮನುಷ್ಯನ ಪ್ರಾಣಕ್ಕೆ ಅಷ್ಟು ಸಾಕು.

ಹತ್ತು ಬೋಲ್ಟುಗಳೂ ಚೀಲದ ಹತ್ತು ಜೇಬುಗಳಿಗೆ ಇಳಿದ ಮೇಲೆಯೇ ಶೇಖವ್ವ ಐವತ್ತು ಮೀಟರ್ ಆಚೆಯ ಗುರಿಹಲಗೆಗಳ ಕಡೆ ಹೊರಡುತ್ತಾರೆ. ತೂತು ಬಿದ್ದ ಕಾಗದ ತೆಗೆದು ಹೊಸದು ಸಿಕ್ಕಿಸಿ ವಾಪಸು ಬರುತ್ತಾರೆ. ದಿನಕ್ಕೆ ಹದಿನಾಲ್ಕು ಸಲ, ಸೊಂಟದಲ್ಲಿ ಎರಡೂವರೆ ಕಿಲೋ ಉಕ್ಕು. ಪದಕ ಗೆದ್ದವರ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಅವರ ಕಾಗದ ಬದಲಿಸಿದವರನ್ನು ಯಾವ ಪತ್ರಿಕೆಯೂ ಹುಡುಕಿಕೊಂಡು ಬಂದಿಲ್ಲ, ನಾವೂ ಈಗಷ್ಟೇ ಬಂದಿದ್ದೇವೆ.

ಕೊಪ್ಪಳ ಕಡೆಯ ಶೇಖವ್ವ ಇಲ್ಲಿಗೆ ಬಂದದ್ದು ೨೦೦೩ರಲ್ಲಿ, ಗುಂಡು ತಡೆಯುವ ಮಣ್ಣಿನ ದಿಬ್ಬಕ್ಕೆ ಬುಟ್ಟಿ ಹೊರಲು. ಕೆಲಸ ಮುಗಿದು ಗಾರೆಯವರು ಬೇರೆ ಸೈಟಿಗೆ ಹೋದರು, ಶೇಖವ್ವ ಉಳಿದರು. "ದಿಬ್ಬಾ ಕಟ್ಟಿದಾಕಿ ನಾನ. ಅದು ಗಟ್ಟಿ ಐತೋ ಇಲ್ಲೋ ನೋಡಾಕ ಯಾರರ ಇರಬೇಕಲ್ರಿ" ಎಂದು ನಗುತ್ತಾರೆ. ಬಾಡಿಗೆ ಕೋಣೆ ಇಲ್ಲಿಂದ ಅರ್ಧ ಗಂಟೆಯ ನಡಿಗೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಮಗಳು ಮಹಾನಂದಾ ಈ ಹತ್ತು ಜೇಬಿನ ಚೀಲ ಹೊಲಿದುಕೊಟ್ಟಿದ್ದಾಳೆ. ಅದಕ್ಕೂ ಮೊದಲು ಬೋಲ್ಟುಗಳು ಸೀರೆಯ ಉಡಿಯಲ್ಲೇ ಹೋಗುತ್ತಿದ್ದವು. ಒಮ್ಮೆ ಮೂರನೆಯವರದು ನಾಲ್ಕನೆಯವರಿಗೆ ಹೋಗಿ ಇಬ್ಬರ ಬೆಳಗೂ ಹಾಳಾಯಿತು. ಒಂದು ರೈಫಲ್ಲಿನ ಬೋಲ್ಟು ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಆ ತಪ್ಪು ಮತ್ತೆ ಆಗಿಲ್ಲ.

ಈ ಪದ್ಧತಿ ಯಾವ ನಿಯಮ ಪುಸ್ತಕದಲ್ಲೂ ಇಲ್ಲ. ಏಳು ವರ್ಷದ ಹಿಂದೆ ಶೇಖವ್ವನೇ ಹುಟ್ಟುಹಾಕಿದ್ದು. ಆ ಬೆಳಿಗ್ಗೆ ಅಭ್ಯಾಸಕ್ಕೆ ಬಂದಿದ್ದವರು ಮೂವರೇ. ಖಾಲಿ ಎಂದುಕೊಂಡ ರೈಫಲ್ಲಿನ ಟ್ರಿಗರನ್ನು ಯಾರೋ ಒತ್ತಿದರು. ಕಾಗದ ಸಿಕ್ಕಿಸುತ್ತಿದ್ದ ಶೇಖವ್ವನ ಕಿವಿಯಿಂದ ಒಂದು ಗೇಣು ಆಚೆ ಹಲಗೆ ಸೀಳಿತು.

"ಸಪ್ಪಳ ಆಮ್ಯಾಲೆ ಕೇಳಿಸ್ತರಿ. ಮೊದಲ ಕಟಗಿ ಪುಡಿ ಕಣ್ಣಾಗ ಬಿತ್ತು. ನಾ ಅಲ್ಲೇ ಕುಂತಬಿಟ್ಟೆ" ಎನ್ನುತ್ತಾರೆ. ಒತ್ತಿದವರು ಯಾರೆಂದು ಕ್ಲಬ್ಬಿನ ಸಮಿತಿ ಕೇಳಿದಾಗ ಶೇಖವ್ವ ನೋಡಲಿಲ್ಲ ಎಂದರು. ಕೋಚ್ ಶ್ಯಾಮಣ್ಣ ಸೈನ್ಯದಲ್ಲಿದ್ದು ಬಂದವರು, ಅವರಿಗೆ ಗೊತ್ತಿತ್ತು. ಶೇಖವ್ವ ಕೈ ಮುಗಿದದ್ದಕ್ಕೆ ಅವರೂ ಬಾಯಿ ಬಿಡಲಿಲ್ಲ. ಇವತ್ತು ನಾವು ಕೇಳಿದರೂ ಶೇಖವ್ವ ಹೇಳುವುದಿಲ್ಲ. "ಹೆಸರು ಬ್ಯಾಡ್ರಿ. ಕೂಸಿನ ಕೈ ಮರೀತು, ಅಷ್ಟ."

ಈಗ ಆ ಪದ್ಧತಿಗೇ ಕುತ್ತು ಬಂದಿದೆ. ಬರುವ ಭಾನುವಾರ ಇಲ್ಲಿ ಸ್ಪರ್ಧೆ. ಬೋಲ್ಟು ಕೂಡಿಸಿ ಹಂಚುವುದಕ್ಕೆ ಪ್ರತಿ ಸುತ್ತಿನಲ್ಲೂ ನಾಲ್ಕು ನಿಮಿಷ ಹಾಳು ಎಂಬುದು ಸಮಿತಿಯ ಲೆಕ್ಕ. ರೈಫಲ್ಲು ಖಾಲಿ ಎಂದು ತೋರಿಸಲು ಕೊಳವೆಗೆ ತೂರಿಸುವ ಕೇಸರಿ ಪ್ಲಾಸ್ಟಿಕ್ ದಾರ ಬಂದಿದೆ, ಅದು ಸಾಕು ಎನ್ನುತ್ತಾರೆ. ಹಾಗಾದರೆ ಕಾಗದಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಶೇಖವ್ವ ಹೇಳಿಬಿಟ್ಟಿದ್ದಾರೆ. ಐವತ್ತು ದಾಟಿದ ಹೆಂಗಸಿಗೆ ಬೇರೆ ಕೆಲಸ ಎಲ್ಲಿ ಸಿಗುತ್ತದೆ ಎಂಬುದು ಅವರಿಗೆ ತಿಳಿಯದ್ದಲ್ಲ. ಹೆದರಿಕೆಯಾಗಿದೆ, ಅದನ್ನು ಮುಚ್ಚಿಡುವುದೂ ಇಲ್ಲ.

ಇವತ್ತಿನ ಎರಡನೇ ಸುತ್ತು ಮುಗಿದಾಗ ಅದೇ ಜಗಳ ಚಾಪೆಯವರೆಗೂ ಬರುತ್ತದೆ. ಏಳನೇ ಚಾಪೆಯಲ್ಲಿ ಮಹದೇವಪುರದಿಂದ ಬಂದ ಹೊಸ ಸದಸ್ಯರೊಬ್ಬರು. ಮೊದಲ ಸುತ್ತಿನಲ್ಲಿ ಗೊಣಗುತ್ತಲೇ ಬೋಲ್ಟು ಕೊಟ್ಟಿದ್ದ ಅವರು ಈಗ ಕೇಸರಿ ದಾರ ತೋರಿಸುತ್ತಾರೆ. "ಸೇಫ್ ಇದೆ ಕಣಮ್ಮ, ಕಾಣಲ್ವಾ? ನನ್ನ ಬೋಲ್ಟ್ ಯಾರ ಕೈಗೂ ಕೊಡಲ್ಲ."

ಅವರು ಹೇಳುವುದೂ ನಿಜ, ರೈಫಲ್ಲು ಖಾಲಿಯೇ ಇದೆ. ಶೇಖವ್ವ ಕಾಗದದ ಕಟ್ಟು ಎದೆಗವಚಿಕೊಂಡು ನಿಂತಲ್ಲೇ ನಿಲ್ಲುತ್ತಾರೆ. "ನಿಮ್ಮ ಮ್ಯಾಲೆ ಸಂಶೇ ಇಲ್ರಿ ಸರ್. ಆದ್ರ ಕಾಲು ಏಳವಲ್ಲವು."

ಆಗ ಎರಡನೇ ಚಾಪೆಯಿಂದ ಸ್ಫೂರ್ತಿ ಎದ್ದು ಬರುತ್ತಾಳೆ. ಎಲೆಕ್ಟ್ರಾನಿಕ್ ಸಿಟಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಇವಳು ಈ ಕ್ಲಬ್ಬಿನ ಅತ್ಯುತ್ತಮ ಶೂಟರ್. ಅಂಗಿಯ ಗುಂಡಿಯಷ್ಟಿರುವ ನಡುವಿನ ವೃತ್ತಕ್ಕೆ ಗುಂಡು ಇಳಿಸುವ ಕೈ ಅದು.

"ಸರ್, ಏಳು ವರ್ಷದ ಹಿಂದೆ ಇವರ ಕಿವಿ ಪಕ್ಕ ಗುಂಡು ಹೋಗಿದ್ದು ಕೇಳಿದೀರಲ್ಲ? ಅದು ನಾನು. ಆಗ ಹದಿಮೂರು ವರ್ಷ. ನಂದೂ ಖಾಲಿ ಇದೆ ಅಂತಾನೇ ಅಂದ್ಕೊಂಡಿದ್ದೆ."

ಶೇಖವ್ವನಿಗೆ ಸಿಟ್ಟೇ ಬರುತ್ತದೆ. "ಯಾಕ ಹೇಳಿದ್ಯವ್ವಾ? ಇಷ್ಟ ದಿನಾ ನಾ ಮುಚ್ಚಿಟ್ಟಿದ್ದು ಸುಮ್ನ ಹೋತಲ್ಲ."

"ನೀವು ಕೆಲಸ ಬಿಟ್ಟು ಹೋಗ್ತೀರಂತೆ. ನಾನು ಹೇಗೆ ಸುಮ್ನಿರ್ಲಿ?" ಎನ್ನುತ್ತಾಳೆ ಸ್ಫೂರ್ತಿ.

ಏಳನೇ ಚಾಪೆಯವರು ಹಿಡಿಕೆ ತಿರುಗಿಸಿ, ಬೋಲ್ಟು ಕಳಚಿ, ತಾವೇ ಎದ್ದು ಏಳನೇ ಜೇಬಿಗೆ ಇಳಿಸುತ್ತಾರೆ. ಶ್ಯಾಮಣ್ಣ ಸೀಮೆಸುಣ್ಣ ತೆಗೆದುಕೊಂಡು ಭಾನುವಾರದ ಸೂಚನೆಗಳ ಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯುತ್ತಾರೆ: ಬೋಲ್ಟು ಶೇಖವ್ವನಿಗೆ ಕೊಡತಕ್ಕದ್ದು. "ಸಮಿತಿಯವರನ್ನ ನಾನು ನೋಡ್ಕೋತೀನಿ" ಎಂದಷ್ಟೇ ಹೇಳುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದು ಹೊರಡುವ ಮುಂಚೆ ಕೇಳಿದೆವು. ಶೇಖವ್ವ ಜೇಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು, ಎರಡನೆಯದನ್ನು ಎರಡು ಸಲ.

"ಇವು ನನ್ನ ಉಡ್ಯಾಗ ಇರಬೇಕ್ರಿ, ಅಷ್ಟ. ಆವಾಗ ನಾ ಹಿಂದ ಹೊಳ್ಳಿ ನೋಡೂದಿಲ್ಲ."

ಕಾಗದದ ಕಟ್ಟು ಹಿಡಿದು ಗುರಿಹಲಗೆಗಳ ಕಡೆ ಹೊರಟರು. ತಿರುಗಿ ನೋಡಲೂ ಇಲ್ಲ.