ಒದ್ದೆ ಕಲ್ಲಿನ ಮೇಲೆ ನನ್ನ ಹೆಸರು

ನಿವೃತ್ತಿಯಾದ ಮಾರನೆಯ ದಿನವೂ ನಾನು ಐದು ಗಂಟೆಗೇ ಎದ್ದೆ. ಹಾಸನದ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು ನಾನು. ಹಾಸಿಗೆಯ ಹೊದಿಕೆ ಮಡಿಸುವುದಕ್ಕೂ ಔಷಧಿಯ ಟ್ರೇ ಜೋಡಿಸುವುದಕ್ಕೂ ಒಂದು ಕ್ರಮವಿತ್ತು. ಕೆಲಸ ಬಿಟ್ಟ ಮಾತ್ರಕ್ಕೆ ಕ್ರಮ ಬಿಡುವ ಉದ್ದೇಶ ನನಗಿರಲಿಲ್ಲ. ಆಗ ಡಿಜಿಟಲ್ ಕ್ಯಾಮೆರಾಗಳು ಹಾಸನದ ಅಂಗಡಿಗಳಿಗೂ ಬರತೊಡಗಿದ್ದವು. ಒಂದನ್ನು ಕೊಂಡೆ. ಜೊತೆಗೆ ಬಂದಿದ್ದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಆಮೇಲೆ ಪ್ರತಿ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿರದ ಮೊಸಳೆ ಎಂಬ ಊರಿಗೆ ಹೋಗಲು ಶುರುಮಾಡಿದೆ.

ಅಲ್ಲಿ ಹೊಯ್ಸಳರ ಎರಡು ಗುಡಿಗಳು ಅವಳಿ ಮಕ್ಕಳ ಹಾಗೆ ಪಕ್ಕಪಕ್ಕ ನಿಂತಿವೆ. ಎಷ್ಟೋ ಶನಿವಾರ ಬರೀ ಚಪ್ಪಟೆ ಬಿಸಿಲು, ಇಲ್ಲವೇ ಮೋಡ. ಒಂದು ದಿನ ಹಿಂದಿನ ರಾತ್ರಿಯ ಮಳೆಗೆ ಅಂಗಳದ ಚಪ್ಪಡಿಗಳ ಮೇಲೆ ನೀರು ನಿಂತಿತ್ತು. ಎಳೆಬಿಸಿಲಿನಲ್ಲಿ ಎರಡು ಗೋಪುರಗಳೂ ಆ ನೀರಿನಲ್ಲಿ ತಲೆಕೆಳಗಾಗಿ ಕಂಡವು. ಮಂಡಿಯೂರಿ ಕೂತು ತೆಗೆದೆ. ಸೀರೆಯೆಲ್ಲ ಕೆಸರಾಯಿತು. ಹಾಸನದ ಸ್ಟುಡಿಯೊಗೆ ಒಯ್ದು ಪ್ರಿಂಟ್ ಹಾಕಿಸುವ ಮೊದಲು, ಚಿತ್ರದ ಕೆಳಗಿನ ಮೂಲೆಯಲ್ಲಿ ನನ್ನ ಹೆಸರನ್ನು ಬಿಳಿ ಅಕ್ಷರದಲ್ಲಿ ಸೇರಿಸಿದ್ದೆ.

ಹೊಸ ವರ್ಷದ ಮೊದಲ ವಾರ ಅರಕಲಗೂಡಿನಲ್ಲಿರುವ ತಂಗಿಯ ಮನೆಗೆ ಹೋದೆ. ಅಡುಗೆಮನೆಯ ಗೋಡೆಯ ಕಡೆ ಅವಳು ಸೌಟು ತೋರಿಸಿದಳು.

"ಅಕ್ಕಾ, ಇದು ನಿನ್ ಫೋಟೊ ಅಲ್ವೇನೇ?"

ನನ್ನದೇ. ಜವಳಿ ಅಂಗಡಿಯೊಂದು ಗಿರಾಕಿಗಳಿಗೆ ಹಂಚಿದ ಕ್ಯಾಲೆಂಡರು. ಎರಡು ಗುಡಿ, ನೀರು, ಬಿಸಿಲು ಎಲ್ಲ ಇದ್ದವು. ನನ್ನ ಹೆಸರಿದ್ದ ಮೂಲೆ ಇರಲಿಲ್ಲ. ಅಷ್ಟನ್ನು ಕತ್ತರಿಸಿ, ಆ ಜಾಗಕ್ಕೆ ಅಂಗಡಿಯ ವಿಳಾಸ ಕೂರಿಸಿದ್ದರು. ತಂಗಿ ಆಗಲೇ ತಾರೀಕುಗಳ ಪಕ್ಕ ಹಾಲಿನ ಲೆಕ್ಕ ಗೀಚಿದ್ದಳು.

ಅದನ್ನು ಅಚ್ಚು ಹಾಕಿದ್ದು ಚನ್ನರಾಯಪಟ್ಟಣದ ಒಂದು ಪ್ರೆಸ್ಸು. ಅವರಿಗೆ ಚಿತ್ರ ಒದಗಿಸಿದ್ದು ನಾನು ಪ್ರಿಂಟ್ ಹಾಕಿಸಿದ ಸ್ಟುಡಿಯೊವೇ ಎಂಬುದು ವಿಚಾರಿಸಿದಾಗ ಗೊತ್ತಾಯಿತು. ಮಾರನೆಯ ದಿನವೇ ಪ್ರೆಸ್ಸಿಗೆ ಹೋದೆ. ಮಾಲೀಕ ಎದ್ದು ನಿಂತು, ಕುರ್ಚಿ ಕೊಟ್ಟು, ಟೀ ತರಿಸಿ, ನಗುತ್ತಾ ಹೇಳಿದ:

"ಅಲ್ಲಾ ಮೇಡಮ್ಮೋರೇ, ಗುಡಿ ಕಟ್ಸಿದ್ದು ಹೊಯ್ಸಳ್ರು, ಮಳೆ ಉಯ್ಸಿದ್ದು ದೇವ್ರು. ಇದ್ರಾಗೆ ನಿಮ್ದೇನೈತೆ?"

"ಕೆಸರಲ್ಲಿ ಮಂಡಿಯೂರಿದ್ದು ನಾನು," ಎಂದೆ. "ನೀವೂ ಅಲ್ಲ, ಹೊಯ್ಸಳರೂ ಅಲ್ಲ."

"ದೇವ್ರ ಪಟಕ್ಕೆ ಹೆಸ್ರು ಯಾಕೆ ಬುಡಿ. ಪುಣ್ಯ ಬತ್ತದೆ."

ಟೀ ಕುಡಿಯದೆ ಎದ್ದು ಬಂದೆ. ನನಗೆ ಬೇಕಿದ್ದುದು ಪುಣ್ಯವಲ್ಲ. ನಾನು ತೆಗೆದ ಚಿತ್ರ ಎಲ್ಲಿ ಹೋದರೂ ನನ್ನ ಹೆಸರು ಅದರ ಜೊತೆ ಹೋಗಬೇಕು, ಅಷ್ಟೆ. ಮೂಲೆಯಲ್ಲಿಟ್ಟರೆ ಕತ್ತರಿಸುತ್ತಾರೆ. ಸರಿ, ಕತ್ತರಿಸಲಾಗದ ಕಡೆ ಇಡೋಣ ಎಂದುಕೊಂಡೆ.

ಹಾಸನದ ಸ್ಟುಡಿಯೊದವರಿಗೆ ಸುಳಿವು ಸಿಗಬಾರದೆಂದು ಹೊಳೆನರಸೀಪುರಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರ ಒಬ್ಬ ಹೆಂಗಸು ಡಿಟಿಪಿ ಸೆಂಟರ್ ನಡೆಸುತ್ತಿದ್ದಳು. ನನ್ನ ತೊಂದರೆ ಕೇಳಿ, ಚಿತ್ರದ ಈ ಮೂಲೆಯಿಂದ ಆ ಮೂಲೆಗೆ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಓರೆಯಾಗಿ ಹಾಕಿ ತೋರಿಸಿದಳು.

"ಈಗ ಯಾವನ್ ಕದೀತಾನೆ ನೋಡಣ!"

ಆಸ್ಪತ್ರೆಯ ದುಪ್ಪಟಿಗಳ ನಟ್ಟನಡುವೆ ಕಪ್ಪು ಶಾಯಿಯ ಮುದ್ರೆ ಒತ್ತಿರುತ್ತಿದ್ದರು, ಯಾರೂ ಮನೆಗೆ ಒಯ್ಯಬಾರದೆಂದು. ಇದು ಹಾಗೇ ಕಾಣುತ್ತಿತ್ತು. ಕಳ್ಳನಿಗೆ ಹೆದರಿ ನನ್ನ ಚಿತ್ರವನ್ನು ನಾನೇ ಹಾಳುಮಾಡುವುದೇ? ಬೇಡವೆಂದೆ. ನಮ್ಮಮ್ಮ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತಿದ್ದುದು ನೆನಪಾಯಿತು. ಮದುವೆ ಮನೆಗೆ ಕೊಟ್ಟ ಪಾತ್ರೆ ತಿರುಗಿ ಬರಬೇಕಲ್ಲ! ಚುಕ್ಕಿ ಚುಕ್ಕಿಯಾಗಿ ಕೊರೆದ ಆ ಅಕ್ಷರಗಳು ದೂರಕ್ಕೆ ಬರೀ ಗೀರು. ಬೆಳಕಿಗೆ ಹಿಡಿದು ವಾಲಿಸಿದರೆ ಹೆಸರು. ನನಗೆ ಬೇಕಾದದ್ದು ಅಂಥದ್ದು ಎಂದು ಅವಳಿಗೆ ವಿವರಿಸಿದೆ.

ಚಿತ್ರದ ನಡುವಿನ ಒದ್ದೆ ಚಪ್ಪಡಿಯನ್ನು ಆರಿಸಿಕೊಂಡೆವು. ಅದನ್ನು ಕತ್ತರಿಸಿದರೆ ಗೋಪುರಗಳ ಪ್ರತಿಬಿಂಬವೂ ಹೋಗುತ್ತದೆ. ಅಕ್ಷರಗಳನ್ನು ಕಲ್ಲಿನ ಬಣ್ಣಕ್ಕೆ ಇಳಿಸಿ, ಕಂಡೂ ಕಾಣದಷ್ಟು ತೆಳುವಾಗಿಸಿ, ಕಲ್ಲಿನ ಒರಟು ಅವುಗಳ ಮೇಲೂ ಹಾದುಹೋಗುವಂತೆ ಮಾಡಿದಳು. ನಾನು ಪಕ್ಕದಲ್ಲಿ ಕೂತು "ಇನ್ನೂ ತೆಳು, ಇನ್ನೂ ತೆಳು" ಎನ್ನುತ್ತಲೇ ಇದ್ದೆ.

"ಇಷ್ಟು ತೆಳು ಮಾಡಿದ್ರೆ ನಿಮ್ಗೇ ಕಾಣಾಕಿಲ್ಲ ಕಣಮ್ಮ," ಎಂದು ಅವಳು ರೇಗಿದಳು.

ಇದೇ ರೀತಿ, ಮುಂದಿನ ಮಳೆಗಾಲದಲ್ಲಿ ಅದೇ ಅಂಗಳದಲ್ಲಿ ತೆಗೆದ ಹೊಸ ಚಿತ್ರಕ್ಕೂ ಹೆಸರು ಕೂರಿಸಿದೆವು. ಅದನ್ನು ಬೇಕೆಂದೇ ಹಾಸನದ ಅದೇ ಸ್ಟುಡಿಯೊಗೆ ಪ್ರಿಂಟಿಗೆ ಕೊಟ್ಟೆ. ಮೂಲೆಗಳನ್ನು ಖಾಲಿ ಬಿಟ್ಟಿದ್ದೆ.

ಅದೇ ಪ್ರೆಸ್ಸಿನ ಮುಂದಿನ ವರ್ಷದ ಕ್ಯಾಲೆಂಡರು ಬಂತು. ನಿರೀಕ್ಷಿಸಿದಂತೆ ನನ್ನ ಹೊಸ ಚಿತ್ರವೇ. ಗೋಡೆಗೆ ತೂಗುವ ಅಳತೆಗೆ ಹಿಗ್ಗಿಸಿದ್ದರಿಂದ ಚಪ್ಪಡಿಯ ಮೇಲಿನ ಅಕ್ಷರಗಳು ಮಸುಕಾಗಿ ಎದ್ದು ಬಂದಿದ್ದವು. ಆದರೆ ಚಿತ್ರದ ಕೆಳಗಿದ್ದ ಸಾಲು ಓದಿ ನಾನು ಬೆಚ್ಚಿದೆ: "ಮೊಸಳೆಯ ಜೋಡಿ ದೇಗುಲಗಳು, ಹೊಯ್ಸಳರ ಕಾಲದ ಶಾಸನದೊಂದಿಗೆ."

ನನ್ನ ಹೆಸರನ್ನು ಅವರು ಶಾಸನವೆಂದುಕೊಂಡಿದ್ದರು! ನಮ್ಮ ಸೀಮೆಯಲ್ಲಿ ಯಾವ ಕಲ್ಲು ಎತ್ತಿದರೂ ಬರಹ ಇರುತ್ತದೆ. ಓದಲು ಬಾರದ್ದೆಲ್ಲ ಹಳೆಗನ್ನಡ ಎಂದು ಕೈಮುಗಿದು ಮುಂದೆ ಹೋಗುವುದು ರೂಢಿ. ನನಗೆ ನಗು ಬಂತು. ಆದರೆ ನಕ್ಕು ಸುಮ್ಮನಾಗಲಿಲ್ಲ. ಕ್ಯಾಲೆಂಡರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಾಡಿಸಲು ಬಂದ ಒಂದು ಕುಟುಂಬ ಕೂತಿತ್ತು. ಮಾಲೀಕನ ಮುಂದೆ ಕ್ಯಾಲೆಂಡರು ಬಿಚ್ಚಿ ಹಾಸಿದೆ.

"ಈ ಶಾಸನ ಓದಿ."

"ಅದು ಹಳೇ ಲಿಪಿ ಮೇಡಮ್ಮೋರೇ, ನಮ್ಗೆಲ್ಲಿ ಬತ್ತದೆ."

"ಬರುತ್ತೆ. ಓರೆ ಹಿಡಿದು ಓದಿ."

ಆ ಕುಟುಂಬದ ಹಿರಿಯರೊಬ್ಬರಿಗೆ ಕುತೂಹಲ ಹುಟ್ಟಿತು. "ಓದ್ರಲಾ, ಏನೈತೆ ನೋಡಣ," ಎಂದು ಬಗ್ಗಿದರು.

ಮಾಲೀಕ ಕನ್ನಡಕ ಏರಿಸಿದ. ಮೊದಲನೆಯ ಅಕ್ಷರ, ಎರಡನೆಯದು ಎಂದು ಕೂಡಿಸುತ್ತಾ ಹೋದ. ಅರ್ಧಕ್ಕೆ ಬರುವಷ್ಟರಲ್ಲಿ ಅವನ ದನಿ ಇಳಿಯಿತು. ನಾನು ನನ್ನ ವೋಟರ್ ಕಾರ್ಡನ್ನು ಪಕ್ಕದಲ್ಲಿಟ್ಟೆ. ಹಿರಿಯರು ಎರಡನ್ನೂ ನೋಡಿ ಜೋರಾಗಿ ನಕ್ಕರು.

"ಹೊಯ್ಸಳ್ರು ಬದುಕವ್ರೆ ಕಣ್ಲಾ! ನಿನ್ ಮುಂದೇನೇ ನಿಂತವ್ರೆ!"

"ಮುಂದಿನ್ ವರ್ಸ ನಿಮ್ ಹೆಸ್ರು ಹಾಕ್ಬುಡ್ತೀನಿ," ಎಂದ ಮಾಲೀಕ.

"ಈ ವರ್ಷದ್ದು ಇನ್ನೂ ಹಂಚದೆ ಗೋಡೆ ಪಕ್ಕ ಪೇರಿಸಿದ್ದೀರಲ್ಲ, ಅದಕ್ಕೆ ಹಾಕಿ."

"ಮಿಷನ್ನಿಗೆ ಲಗ್ನಪತ್ರಿಕೆ ಕೂರ್ಸಿದೀನಿ."

"ಆಗಲಿ. ಮುಗಿಯುವವರೆಗೆ ಕೂತಿರುತ್ತೇನೆ."

ಕೂತೆ. ವಾರ್ಡಿನಲ್ಲಿ ರಾತ್ರಿಯೆಲ್ಲ ಕೂತು ಕಾದವಳಿಗೆ ಇದು ಹೊಸದಲ್ಲ. ಮಧ್ಯಾಹ್ನ ತಂದಿದ್ದ ಚಪಾತಿ ಅಲ್ಲೇ ತಿಂದು ಡಬ್ಬಿ ತೊಳೆದಿಟ್ಟೆ. ಕೊನೆಗೆ ಅವನೇ ಎದ್ದು, ಶಾಸನದ ಸಾಲಿನ ಮೇಲೆ ಅಂಟಿಸಲು ನನ್ನ ಹೆಸರಿನ ಚೀಟಿ ಅಚ್ಚು ಹಾಕಲು ಹೊರಟ. ಅಕ್ಷರ ಜೋಡಿಸುತ್ತಾ ತಿರುಗಿ ನೋಡದೆ ಕೇಳಿದ:

"ಹೆಸ್ರಿನ್ ಮುಂದೆ ಶ್ರೀಮತಿ ಅಂತ ಹಾಕ್ಲಾ?"

"ಬೇಡ," ಎಂದೆ. "ಹೆಸರು ಹಾಕಿ, ಸಾಕು."