ಲೂಸಿಬಾಯಿಯ ಅರ್ಧ ತಾಸು

ಟ್ರಿಣ್ ಎಂದು ಟೈಂಪೀಸು ಬಡಿದುಕೊಂಡರೆ ಎಕ್ಸ್‌ರೇ ಕೋಣೆಯ ಮುಂದೆ ಕೂತ ಹೆಂಗಸರು ಲೂಸಿಬಾಯಿಯತ್ತ ನೋಡುತ್ತಿದ್ದರು. ಸೂಜಿ ಚುಚ್ಚಿ ಅರ್ಧ ತಾಸಾಯಿತು, ಇನ್ನು ಒಳಗೆ ಹೋಗಬಹುದು ಎಂದು ಅದರರ್ಥ.

ದಾಂಡೇಲಿಯ ಆ ಸಣ್ಣ ಆಸ್ಪತ್ರೆಯಲ್ಲಿ ಲೂಸಿ ಆಯಾ. ಹಳಿಯಾಳದ ಕಾಡಂಚಿನ ಸಿದ್ದಿ ಮನೆತನದವಳು. ಎತ್ತರದ ಮೈ, ಅಗಲ ಅಂಗೈ. ಮಕ್ಕಳಾಗದವರ ಗರ್ಭಕ್ಕೆ ಔಷಧಿ ಹಾಯಿಸಿ ಚಿತ್ರ ತೆಗೆಯುವಾಗ ಅವರ ಕೈ ಹಿಡಿದು ನಿಲ್ಲುವುದು ಅವಳ ಕೆಲಸ. ೧೯೭೮ರವರೆಗೆ ಅಲ್ಲಿ ಟೈಂಪೀಸೂ ಇರಲಿಲ್ಲ, ನೋವಿನ ಸೂಜಿಯೂ ಇರಲಿಲ್ಲ.

ಆ ವರ್ಷ ತೇರಗಾಂವದ ಶಿವವ್ವ ಬಂದಳು. ಮದುವೆಯಾಗಿ ಆರು ವರ್ಷ. ಅವಳ ಗರ್ಭನಳಿಕೆಗಳು ಮುಚ್ಚಿದ್ದರೆ ಗಂಡ ನಾಗಲಿಂಗಪ್ಪನಿಗೆ ಚಿಗಳ್ಳಿಯಿಂದ ಇನ್ನೊಂದು ಹೆಣ್ಣು ತರುವುದೆಂದು ಅತ್ತೆ ಕಾಶೆವ್ವ ಆಗಲೇ ಮಾತಾಡಿದ್ದಳು. ಬಾಗಿಲಾಚೆಯ ಬೆಂಚಿನ ಮೇಲೆ ಕಿವಿಗೊಟ್ಟು ಕೂತಿದ್ದಳು. ಒಳಗೆ ಶಿವವ್ವ ಸೆರಗು ಕಚ್ಚಿ ಮಲಗಿದಳು. ಸದ್ದೇ ಇಲ್ಲ.

ಚಿತ್ರ ನೋಡಿದ ಡಾಕ್ಟರು, "ಎರಡೂ ಮುಚ್ಚ್ಯಾವ," ಎಂದರು.

"ಸಾಹೇಬ್ರ, ನೋವಿನ ಸೂಜಿ ಕೊಟ್ಟು ಇನ್ನೊಮ್ಮಿ ತಗೀರಿ," ಎಂದಳು ಲೂಸಿ.

"ನೋವು ಎಲ್ಲೈತಿ? ಆಕಿ ಕುಂಯ್ ಅನ್ನಲಿಲ್ಲ. ಇಷ್ಟು ವರ್ಷದಾಗ ಒಬ್ಬರೂ ಅಂದಿಲ್ಲ."

ಲೂಸಿ ಮುಂಗೈ ಚಾಚಿದಳು. ನಾಲ್ಕು ಉಗುರು ನಟ್ಟಲ್ಲಿ ರಕ್ತ ಒಸರುತ್ತಿತ್ತು. ಸುತ್ತ ಹಳೆಯ ಕಲೆಗಳು, ಮೊಣಕೈವರೆಗೆ.

"ಎಲ್ಲಾರೂ ಇಲ್ಲಿ ಅಂದಾರ್ರಿ. ಹೊರಗ ಅತ್ತಿ ಕುಂತಿರ್ತಾಳ, ಬಾಯಿ ಹೆಂಗ ಬಿಡ್ತಾರ? ನನ್ನ ಕೈ ಹಿಂಗ ಹಿಂಡಿದಾಕಿ ಒಳಗ ಎಷ್ಟು ಬಿಗದಿರಬೇಕು?"

ನೋವಿಗೆ ನಳಿಕೆ ಬಿಗಿದುಕೊಳ್ಳುವುದುಂಟೆಂದು ಡಾಕ್ಟರು ಓದಿದ್ದರು. ನೋವಿದೆಯೆಂದು ಮಾತ್ರ ನಂಬಿರಲಿಲ್ಲ. ಆ ಕೈಯನ್ನು ಬಹಳ ಹೊತ್ತು ನೋಡಿದರು.

"ಮುಂದಿನ ತಿಂಗಳು ಕರಸು. ಸೂಜಿ ಕೊಟ್ಟ ಮ್ಯಾಲೆ ಅರ್ಧ ತಾಸು ಕಾಯಬೇಕಾಕ್ಕೈತಿ. ಯಾರು ಕಾಯ್ತಾರ?"

"ನಾ ಕಾಯ್ತೇನ್ರಿ."

ಅಣ್ಣ ಇನಾಸ ಗೋವಾದಿಂದ ತಂದಿದ್ದ ಹಸಿರು ಟೈಂಪೀಸನ್ನು ಲೂಸಿ ಮನೆಯಿಂದ ಹೊತ್ತು ತಂದಳು. ಮುಂದಿನ ತಿಂಗಳು ಶಿವವ್ವನಿಗೆ ಸೂಜಿ ಚುಚ್ಚಿದ ಮೇಲೆ ಕಾಶೆವ್ವನನ್ನು ಚಹಾದಂಗಡಿಗೆ ಅಟ್ಟಿದಳು. ಗಂಟೆ ಬಡಿಯಿತು. ಒಳಗೆ ಔಷಧಿ ಹಾಯಿಸುವಾಗ ಶಿವವ್ವನ ಬೆರಳುಗಳು ಲೂಸಿಯ ಅಂಗೈಯಲ್ಲಿ ನಿದ್ದೆಯ ಕೂಸಿನ ಬೆರಳಿನಂತೆ ಸಡಿಲವಾಗಿದ್ದವು.

"ಲೂಸಿಬಾಯಿ, ಯಾವಾಗ ಶುರು ಮಾಡ್ತಾರ?"

"ಮುಗೀತವಾ, ಏಳು."

ಚಿತ್ರದಲ್ಲಿ ಎರಡು ಬಿಳಿ ಎಳೆಗಳು ತುದಿಯವರೆಗೂ ತೆರೆದುಕೊಂಡಿದ್ದವು.

ಡಾಕ್ಟರು ಹೊರಬಂದು ಕಾಶೆವ್ವನಿಗೆ ಹೇಳಿದರು: "ಸೊಸಿದು ಎಲ್ಲಾ ಛಲೋ ಐತಿ. ಇನ್ನ ನಾಗಲಿಂಗಪ್ಪನ್ನ ತಪಾಸಣಿಗೆ ಕಳಸ್ರಿ."

ಕಾಶೆವ್ವ ಲೂಸಿಯ ದಾರಿಗೆ ಅಡ್ಡ ನಿಂತಳು. "ನನ್ನ ಮಗಗ ತಪಾಸಣಿ? ಎತ್ತು ಇದ್ದಂಗ ಅದಾನ!"

"ಎತ್ತಿನಿಂದ ಯಾವಾಗರ ಆಕಳ ಗಬ್ಬಾಗೇತೇನ್ರಿ, ಅವ್ವಾರ?"

ಬಾಗಿಲಲ್ಲಿ ಮತ್ತೆ ಸೆರಗು ಕಚ್ಚಿ ನಿಂತಿದ್ದ ಶಿವವ್ವನ ಹಲ್ಲಿನಿಂದ ಅದು ಜಾರಿತು. ಆಸ್ಪತ್ರೆಗೆಲ್ಲ ಕೇಳುವಂತೆ ನಕ್ಕಳು. ಅಷ್ಟರಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಮುಂದಿನವಳ ಅರ್ಧ ತಾಸು ಮುಗಿದು ಟೈಂಪೀಸು ಬಡಿದುಕೊಂಡಿತು.

"ಏನಂದಿ? ನಿಂದ್ರು, ಇನ್ನೊಮ್ಮಿ ಅನ್ನು..." ಕಾಶೆವ್ವ ಅನ್ನುತ್ತಲೇ ಇದ್ದಳು. ಲೂಸಿ ಗಂಟೆಯ ಬಾಯಿಗೆ ಅಂಗೈ ಒತ್ತಿ, ಒಳಗೆ ನಡೆದಿದ್ದಳು.