ಪಾಟೀಲರು ಊಟ ಬಿಟ್ಟದ್ದು

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ನಮ್ಮ ಕಾಕಾನ ಮಗ ವೃಷಭ ಇದ್ದಾನೆ. ಫ್ರಿಜ್ಜು, ಕೂಲರು ರಿಪೇರಿ ಮಾಡುತ್ತಾನೆ. ಕರೆದರೆ ಬರುತ್ತಾನೆ, ಕೆಲಸ ಮುಗಿಸಿ ಚಹಾ ಕೂಡ ಕುಡಿಯದೆ ಹೋಗುತ್ತಾನೆ. ಸೊಕ್ಕಿನವನು ಎನ್ನುತ್ತಾರೆ ಜನ. ಜನಕ್ಕೇನು, ನಾಲಿಗೆಗೆ ಎಲುಬಿಲ್ಲ.

ಕೆಲವು ವರ್ಷ ಅವನು ಹೊರದೇಶದಲ್ಲಿದ್ದ. ಕಡಲ ಪ್ರಾಣಿಗಳನ್ನು ಕೊಳದಲ್ಲಿಟ್ಟು ಆಟ ಆಡಿಸಿ ತೋರಿಸುವ ಜಾಗವದು. ಥಂಡಿ ಕೋಣೆಯ ಮಷೀನು ನೋಡಿಕೊಳ್ಳಲು ಹೋದವನನ್ನು, ಆಳು ಕಡಿಮೆ ಬಿದ್ದಾಗ, ಕೊಲೆಗಾರ ತಿಮಿಂಗಿಲಕ್ಕೆ ಮೀನು ಹಾಕಲು ಹಚ್ಚಿದರು. ಕಪ್ಪು ಮೈ, ಬಿಳಿ ಹೊಟ್ಟೆ, ಟ್ರ್ಯಾಕ್ಟರಿಗಿಂತ ಉದ್ದ. ಕೊಲೆಗಾರ ಎಂಬುದು ನಾವು ಇಟ್ಟ ಹೆಸರು. ಕಡಲಲ್ಲಿ ಆ ಜಾತಿ ಮನುಷ್ಯನನ್ನು ಕೊಂದದ್ದು ಯಾರಿಗೂ ಗೊತ್ತಿಲ್ಲ. ಕೂಡಿಹಾಕಿದ ಮೇಲೆ ಕೊಂದದ್ದುಂಟು. ನಮ್ಮನ್ನು ಕೂಡಿಹಾಕಿದ್ದರೆ ನಾವೇನು ಆರತಿ ಎತ್ತುತ್ತಿದ್ದೆವೇ? ಗಂಡು ತಿಮಿಂಗಿಲ ಬೆಳೆದ ಮೇಲೂ ತಾಯಿಯ ಸಂಗಡವೇ ಇರುತ್ತದಂತೆ. ಇದನ್ನು ಮರಿಯಿದ್ದಾಗಲೇ ತಾಯಿಯಿಂದ ಅಗಲಿಸಿ ತಂದಿದ್ದರು.

ನಮ್ಮದು ಜೈನರ ಮನೆತನ. ಉಳ್ಳಾಗಡ್ಡಿಯೂ ಹೊಸ್ತಿಲು ದಾಟದ ಮನೆಯ ಹುಡುಗ ದಿನಾ ಮೀನಿನ ಬುಟ್ಟಿ ಹೊರಬೇಕಾಯಿತು. ತಾಯಿ ಕಮಲಾಬಾಯಿಗೆ ಮಷೀನಿನ ಕೆಲಸ ಎಂದೇ ಹೇಳುತ್ತಿದ್ದ. ಆದರೂ ಆ ಪ್ರಾಣಿಯನ್ನು ಹಚ್ಚಿಕೊಂಡ. ದಂಡೆಗೆ ಬಂದು, ಬಾಯಿ ತೆರೆದು ಕಾಯುವ ಅದರ ಊರ ಗೌಡನಂಥ ಗತ್ತು ನೋಡಿ ‘ಪಾಟೀಲ್ರು’ ಎಂದು ಕರೆಯುತ್ತಿದ್ದ.

ಒಂದು ದಿನ ಪಾಟೀಲರು ಮೀನು ಮುಟ್ಟಲಿಲ್ಲ. ಮರುದಿನವೂ ಇಲ್ಲ. ಡಾಕ್ಟರಿಗೆ ಹೇಳಬೇಕಿತ್ತು. ವೃಷಭನಿಗೆ ಮಾತ್ರ ನಮ್ಮಜ್ಜಿ ನೆನಪಾದಳು. ಅಜ್ಜಿ ಸಲ್ಲೇಖನ ತೆಗೆದುಕೊಂಡಿದ್ದಳು. ಮುನಿಗಳ ಅಪ್ಪಣೆ ಪಡೆದು, ಅನ್ನ ನೀರು ಒಂದೊಂದಾಗಿ ಬಿಟ್ಟು ಸಮಾಧಾನದಿಂದ ಹೋಗುವ ವ್ರತವದು. ಆಗ ಒಂದು ತುತ್ತು ತಿನ್ನೆಂದು ಮನೆಯಲ್ಲಿ ಯಾರೂ ಒತ್ತಾಯಿಸಿರಲಿಲ್ಲ. ಈ ಜೀವವೂ ಹಾಗೇ ಹೊರಟಿದೆ, ಅಡ್ಡಬಂದರೆ ಪಾಪ ಎಂದು ಅವನು ನಂಬಿದ. ತಿಂದಿದೆ ಎಂದು ಮೇಲಿನವರಿಗೆ ಸುಳ್ಳು ಹೇಳಿದ. ಕೊಳದ ದಂಡೆಗೆ ಕೂತು, ನಮ್ಮವರು ಸಾಯುವವರ ಬಳಿ ಹೇಳುವ ಣಮೋಕಾರ ಮಂತ್ರ ಹೇಳಿದ.

ವ್ರತವೂ ಇಲ್ಲ, ಮಣ್ಣೂ ಇಲ್ಲ. ಶ್ವಾಸಕೋಶಕ್ಕೆ ಸೋಂಕು ತಗಲಿತ್ತು. ಮೊದಲೇ ತಿಳಿದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ಪಾಟೀಲರು ಸತ್ತರು, ಇವನು ಊರಿಗೆ ಬಂದ.

ಹೋದ ವರ್ಷ ಕಮಲಾಬಾಯಿ ಕಾಕೂ ತಾಟು ದೂಡತೊಡಗಿದಳು. ‘ವ್ರತದ ಮನಸ್ಸ ಆಗೇತಿ, ಮುನಿಗಳಿಗೆ ಹೇಳ್ರಿ’ ಎಂದರು ಓಣಿಯವರು. ವೃಷಭ ಯಾರ ಮಾತೂ ಕೇಳದೆ ತಾಯಿಯನ್ನು ಎತ್ತಿ ಬಾಡಿಗೆ ಕಾರಿನಲ್ಲಿ ಮಲಗಿಸಿ ಮಿರಜ ಆಸ್ಪತ್ರೆಗೆ ಹೊರಟ. ನಾನು ಮುಂದಿನ ಸೀಟಿನಲ್ಲಿದ್ದೆ.

ದಾರಿಯಲ್ಲಿ ಮೀನು, ಸುಳ್ಳು, ಮಂತ್ರ ಎಲ್ಲವನ್ನೂ ತಾಯಿಗೆ ಹೇಳಿದ. ನಾನು ಕೇಳಿದ್ದೂ ಆಗಲೇ.

‘ಒಮ್ಮೆ ಸುಮ್ನ ಕುಂತ ಒಂದ ಜೀವಾ ಕಳದೇನವ್ವಾ. ಈ ಸಲ ಕೂಡಂಗಿಲ್ಲ.’

ಕಾಗವಾಡ ಬಂತು. ಕಾಕೂ ಮೆಲ್ಲಗೆ ಅಂದಳು: ‘ಪಾಪ, ಅದಕ್ಕ ಮಾತ ಬರ್ತಿದ್ದಿಲ್ಲ. ನನಗ ಬರತೈತೆಲ್ಲೊ ತಮ್ಮಾ. ನನ್ನ ಯಾಕ ಕೇಳ್ಲಿಲ್ಲ?’

ವೃಷಭ ತಾಯಿಯ ಕೈ ಹಿಡಿದುಕೊಂಡ.

‘ಈಗ ಕೇಳತೇನಿ. ಏನ ಬೇಕ ಹೇಳವ್ವಾ.’

‘ಮನಿ.’

ಕಾರು ತಿರುಗಿಸಿದೆವು. ಅವನು ತಾಯಿಯ ಮೇಲೆ ಬಾಗಿ ಕೇಳುತ್ತಲೇ ಇದ್ದ. ನೋವ ಐತೇನ? ಡಾಕ್ಟರನ್ನ ಮನಿಗೆ ಕರಸ್ಲೇನ? ಮುನಿಗಳು ಬೇಕೇನ? ನೀರ ಕುಡೀತಿ ಏನ? ಶೇಡಬಾಳದ ಹತ್ತಿರ ನಾನು ತಿರುಗಿ ನೋಡಿದೆ. ಕಾಕೂ ಹೋಗಿಬಿಟ್ಟಿದ್ದಳು. ಅವನು ಇನ್ನೂ ಕೇಳುತ್ತಿದ್ದ.